ಸುಟ್ಟ ಊರನ್ನು ಮತ್ತೆ ಕಟ್ಟುವುದು ಹೇಗೆ: ಮೊದಲು ಕಟ್ಟೆ, ಆಮೇಲೆ ಮನೆ

ಮನೆ ಸುಟ್ಟುಹೋಗಿದೆ, ಬೀಗದ ಕೈ ಮಾತ್ರ ಜೇಬಿನಲ್ಲಿ ಉಳಿದಿದೆ. ಅದನ್ನು ಏನು ಮಾಡುತ್ತೀರಿ? ಬಿಸಾಡೋಕೆ ಮನಸ್ಸು ಬರಲ್ಲ. ಇಟ್ಟುಕೊಂಡರೆ ಕೈಗೆ ತಾಗಿದಾಗಲೆಲ್ಲ ಹೊಟ್ಟೆ ಕಿವುಚುತ್ತದೆ.

ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಎಂಬ ಊರಿಗೆ 2018ರ ನವೆಂಬರ್ 8ರಂದು ಬೆಂಕಿ ಬಿತ್ತು. 85 ಜನ ಸತ್ತರು, 18,000ಕ್ಕೂ ಹೆಚ್ಚು ಕಟ್ಟಡ ಹೋದವು. ಸಾವಿರಾರು ಜನರ ಜೇಬಿನಲ್ಲಿ ಬಾಗಿಲೇ ಇಲ್ಲದ ಕೀಗಳು ಉಳಿದವು. ಜೆಸ್ಸಿ ಮರ್ಸರ್ ಎಂಬ ಕಲಾವಿದೆ ಅವನ್ನೆಲ್ಲ ಕೇಳಿ ಪಡೆದರು. ಮನೆ ಕೀ, ಚರ್ಚಿನ ಕೀ, ಸ್ಕೂಲಿನ ಕೀ, ಅಂಗಡಿ ಕೀ, ಎಲ್ಲ ಸೇರಿ ಸುಮಾರು 18,000. ಅವುಗಳಿಂದ ರೆಕ್ಕೆ ಬಿಚ್ಚಿದ ಒಂದು ದೊಡ್ಡ ಫೀನಿಕ್ಸ್ ಹಕ್ಕಿ ಮಾಡಿ, ಬೆಂಕಿಗೆ ಒಂದು ವರ್ಷ ತುಂಬಿದ ದಿನ ಊರಿನವರ ಮುಂದಿಟ್ಟರು. ಆ ಹೊತ್ತಿಗೆ ಪ್ಯಾರಡೈಸ್‌ನಲ್ಲಿ ಹೊಸದಾಗಿ ಎದ್ದಿದ್ದ ಮನೆಗಳನ್ನು ಬೆರಳಲ್ಲಿ ಎಣಿಸಬಹುದಿತ್ತು.

ನಾನು ಸ್ಯಾಕ್ರಮೆಂಟೊ ಪಕ್ಕದಲ್ಲಿ ಮನೆಗಳ ನಕ್ಷೆ ಮಾಡಿಕೊಂಡು ಬದುಕುವವನು. ಆ ನವೆಂಬರ್‌ನಲ್ಲಿ ನಮ್ಮ ಮನೆಯ ಕಿಟಕಿ ಸಂದಿಯಲ್ಲೂ ಪ್ಯಾರಡೈಸ್‌ನ ಹೊಗೆ ಇತ್ತು. ಆಮೇಲೆ ಅಲ್ಲಿಗೆ ಓಡಾಡುತ್ತಾ, ಎಡವುತ್ತಾ ಕಲಿತದ್ದನ್ನು ಇಲ್ಲಿ ಹಾಕುತ್ತಿದ್ದೇನೆ. ಕ್ಯಾಲಿಫೋರ್ನಿಯಾದಲ್ಲೋ ಆಸ್ಟ್ರೇಲಿಯಾದಲ್ಲೋ ಗುಡ್ಡದ ಅಂಚಿಗೆ ಮನೆ ತಗೊಂಡಿರುವ ಕನ್ನಡದವರು ಬೇಕಾದಷ್ಟು ಜನ ಇದ್ದಾರೆ. ಆರ್ಕಿಟೆಕ್ಚರ್ ಓದುತ್ತಿರುವ ಹುಡುಗ ಹುಡುಗಿಯರೂ ಆಗಾಗ ಇದರ ಬಗ್ಗೆ ಕೇಳುತ್ತಾರೆ. ಇದು ಅವರಿಗೆ.

ಮೊದಲ ಕೆಲವು ತಿಂಗಳು ಪೆನ್ಸಿಲ್ ಮುಟ್ಟಬೇಡಿ

ನಾನು ಮಾಡಿದ ತಪ್ಪು ಇದೇ. ಬೆಂಕಿ ಆರಿ ನಾಲ್ಕು ತಿಂಗಳಿಗೆ, ಆಗ ಕೆಲಸ ಮಾಡುತ್ತಿದ್ದ ಆಫೀಸಿನವರು ಕೊಟ್ಟ ಬಣ್ಣಬಣ್ಣದ ನಕ್ಷೆ ಹಿಡಿದುಕೊಂಡು ಒಬ್ಬ ನಿವೃತ್ತ ಟೀಚರಮ್ಮನ ಹತ್ತಿರ ಹೋದೆ. ಅವರು ಆಗ ಚೀಕೋದಲ್ಲಿ ಮಗಳ ಮನೆಯ ಹಾಲಿನಲ್ಲಿ ಮಲಗುತ್ತಿದ್ದರು. ಪ್ಯಾರಡೈಸ್‌ನಿಂದ ಕೆಳಗಿಳಿದರೆ ಮೊದಲು ಸಿಗುವ ದೊಡ್ಡ ಊರು ಚೀಕೋ. ಒಂದೆರಡು ದಿನದಲ್ಲಿ ಅಲ್ಲಿನ ಜನಸಂಖ್ಯೆ ಹತ್ತಿರ ಹತ್ತಿರ ಇಪ್ಪತ್ತು ಸಾವಿರ ಏರಿತ್ತು. ನಾನು ಹೋಗಿ ಓಪನ್ ಕಿಚನ್, ದೊಡ್ಡ ಗಾಜು, ಸೋಲಾರ್ ಅಂತ ಇಪ್ಪತ್ತು ನಿಮಿಷ ಮಾತಾಡಿದೆ. ಅವರು ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು. "ಸಿಂಕ್ ಮುಂದೆ ಕಿಟಕಿ ಎಲ್ಲಿದೆ?" ಇರಲಿಲ್ಲ. ಅವರು ನಕ್ಷೆಯನ್ನು ನೀಟಾಗಿ ನಾಲ್ಕು ಮಡಿಕೆ ಮಾಡಿ ನನ್ನ ಕೈಗೇ ವಾಪಸ್ ಕೊಟ್ಟರು.

ಅವರಿಗೆ ಆಗ ಬೇಕಿದ್ದದ್ದು ಹೊಸ ಮನೆ ಅಲ್ಲವೇ ಅಲ್ಲ. ಹಳೆ ಮನೆ ಹೇಗಿತ್ತು ಅಂತ ಯಾರಾದರೂ ಕೂತು ಕೇಳಬೇಕಿತ್ತು. ಹಾಗಾಗಿ ಮೊದಲ ಭೇಟಿಗೆ ಖಾಲಿ ಹಾಳೆ ಮತ್ತು ಪೆನ್ನು ತಗೊಂಡು ಹೋಗಿ, ಪೆನ್ನನ್ನು ಅವರ ಕೈಗೆ ಕೊಡಿ. ಹಳೆ ಮನೆಯ ಚಿತ್ರ ಅವರೇ ಬರೆಯಲಿ. ಅಳತೆ ತಪ್ಪಿರುತ್ತದೆ, ಇರಲಿ ಬಿಡಿ. ಯಾವ ಕೋಣೆ ದೊಡ್ಡದಾಗಿ ಬರುತ್ತದೆ, ಯಾವ ಬಾಗಿಲು ಮರೆತುಹೋಗುತ್ತದೆ ಅಂತ ನೋಡಿ. ಬೆಳಗ್ಗೆ ಎದ್ದು ಮೊದಲು ಎಲ್ಲಿಗೆ ಹೋಗುತ್ತಿದ್ದರು, ಕಾಫಿ ಎಲ್ಲಿ ಕುಡಿಯುತ್ತಿದ್ದರು, ಪಕ್ಕದವರ ಜೊತೆ ಯಾವ ಬೇಲಿ ಹತ್ತಿರ ಮಾತಾಡುತ್ತಿದ್ದರು, ಮಕ್ಕಳ ಎತ್ತರವನ್ನು ಯಾವ ಕಂಬದ ಮೇಲೆ ಗೀಟು ಹಾಕಿದ್ದರು ಅಂತ ಕೇಳುತ್ತಾ ಹೋದರೆ ನಿಮಗೆ ಬೇಕಾದ ನಕ್ಷೆಯ ಮುಕ್ಕಾಲು ಭಾಗ ಅಲ್ಲೇ ಸಿಗುತ್ತದೆ. ಅಳುತ್ತಾರೆ. ಸುಮ್ನೆ ಕೂತಿರಿ. ಸಮಾಧಾನ ಹೇಳೋಕೆ ಹೋಗಬೇಡಿ.

ಬುಲ್ಡೋಜರ್ ಬರುವ ಮುಂಚೆ

ಕಾಡ್ಗಿಚ್ಚು ಹಾದುಹೋದ ಊರಿನ ಬೂದಿ ಒಲೆಯ ಬೂದಿಯ ಹಾಗಲ್ಲ. ಅದರಲ್ಲಿ ಕರಗಿದ ಬ್ಯಾಟರಿ, ಹಳೆ ಬಣ್ಣದ ಸೀಸ, ಆಸ್ಬೆಸ್ಟಾಸ್ ಎಲ್ಲ ಇರುತ್ತದೆ. ಒಳ್ಳೆ ಮಾಸ್ಕ್, ಕೈಗವಸು, ಮೈಮುಚ್ಚುವ ಉಡುಪು ಇಲ್ಲದೆ ಯಾರನ್ನೂ ಒಳಗೆ ಬಿಡಬೇಡಿ. ಮಕ್ಕಳನ್ನಂತೂ ಬೇಡವೇ ಬೇಡ. ಮೊದಲು ವಿಷದ ಸಾಮಾನು ತೆಗೆಯುವ ತಂಡ ಬರುತ್ತದೆ. ಆಮೇಲೆ ಅವಶೇಷ ಎತ್ತುವವರು ಬಂದು ತಳಪಾಯದ ಸಮೇತ ಕಿತ್ತು, ಮಣ್ಣು ಪರೀಕ್ಷೆ ಮಾಡಿ ಹೋಗುತ್ತಾರೆ. ಆ ಲಾರಿ ಹೋದ ಮೇಲೆ ಸೈಟು ಎಷ್ಟು ಬೋಳಾಗಿರುತ್ತದೆ ಅಂದರೆ ಸ್ವಂತ ಮನೆ ಎಲ್ಲಿತ್ತು ಅಂತ ಮನೆಯವರಿಗೇ ಗೊತ್ತಾಗಲ್ಲ.

ಅದಕ್ಕೇ ಮುಂಚೆ ಹೋಗಿ ಮೂರು ಕೆಲಸ ಮಾಡಿ. ಫೋಟೋ ತೆಗೆಯಿರಿ, ಇನ್ಶೂರೆನ್ಸ್‌ಗೂ ಬೇಕು. ಬಾಗಿಲು, ಮೆಟ್ಟಿಲು, ಮುಖ್ಯವಾದ ಮರದ ಬುಡ ಎಲ್ಲಿದ್ದವು ಅಂತ ರಸ್ತೆಯ ಅಂಚಿನಿಂದ ಟೇಪ್ ಹಿಡಿದು ಬರೆದಿಟ್ಟುಕೊಳ್ಳಿ. ಮೂರನೆಯದು, ಏನು ಉಳಿಸಬಹುದು ಅಂತ ಹುಡುಕಿ.

ಈ ಮೂರನೆಯದಕ್ಕೆ ಆಲ್ಟಡೀನಾದವರು ಒಳ್ಳೆ ದಾರಿ ತೋರಿಸಿದ್ದಾರೆ. 2025ರ ಜನವರಿ 7ರ ಸಂಜೆ ಲಾಸ್ ಏಂಜಲೀಸ್ ಪಕ್ಕದ ಈ ಊರಿನ ಮೇಲಿನ ಗುಡ್ಡದಿಂದ ಈಟನ್ ಬೆಂಕಿ ಇಳಿಯಿತು. 9,000ಕ್ಕೂ ಜಾಸ್ತಿ ಕಟ್ಟಡ ಸುಟ್ಟವು. ಮನೆಗಳು ನೆಲಸಮವಾದರೂ ಇಟ್ಟಿಗೆಯ ಚಿಮಣಿಗಳು ಸಾಲಾಗಿ ನಿಂತೇ ಇದ್ದವು. ಅವುಗಳ ಕೆಳಗೆ, ಅಗ್ಗಿಷ್ಟಿಕೆಯ ಸುತ್ತ, ನೂರು ವರ್ಷ ಹಳೆಯ ಕೈಕೆಲಸದ ಟೈಲ್ಸ್. ಪಕ್ಕದ ಪ್ಯಾಸಡೀನಾದ ಅರ್ನೆಸ್ಟ್ ಬ್ಯಾಚೆಲ್ಡರ್ ಮಾಡುತ್ತಿದ್ದ ಟೈಲ್ಸ್ ಅವು. ಆವಿಗೆಯಲ್ಲಿ ಒಮ್ಮೆ ಬೆಂದು ಬಂದದ್ದು ತಾನೇ, ಈ ಬೆಂಕಿಗೂ ಜಗ್ಗಲಿಲ್ಲ. 'ಸೇವ್ ದಿ ಟೈಲ್ಸ್' ಅಂತ ಒಂದು ಗುಂಪು ಕಟ್ಟಿಕೊಂಡು, ಗಾರೆ ಕೆಲಸದವರೂ ಸ್ವಯಂಸೇವಕರೂ ಬೀದಿ ಬೀದಿ ಸುತ್ತಿ, ಮನೆಯವರ ಒಪ್ಪಿಗೆ ಪಡೆದು, ಯಂತ್ರಗಳು ಬರುವ ಮುಂಚೆ ಒಂದೊಂದೇ ಟೈಲ್ ಬಿಡಿಸಿ, ತೊಳೆದು, ಯಾರದು ಅಂತ ಚೀಟಿ ಹಾಕಿ ಇಟ್ಟರು. ಮುಂದೆ ಹೊಸ ಮನೆಯ ಗೋಡೆಗೆ ಹಳೆ ಮನೆಯ ಹತ್ತು ಟೈಲ್ಸ್ ಕೂರಿಸಿದರೂ ಸಾಕಲ್ವಾ? ನೀವಿರುವ ಊರಿನಲ್ಲಿ ಟೈಲ್ಸ್ ಇಲ್ಲದಿರಬಹುದು. ಕಲ್ಲಿನ ಮೆಟ್ಟಿಲು, ಕಬ್ಬಿಣದ ಗೇಟು, ಎರಕದ ಬಾಣಲೆ ಏನಾದರೂ ಇದ್ದೇ ಇರುತ್ತದೆ.

ಕಟ್ಟೆ ಮೊದಲು

ಈಗ ಮುಖ್ಯ ವಿಷಯಕ್ಕೆ ಬಂದೆ. ಮನೆ ಕಟ್ಟೋಕೆ ವರ್ಷಗಳು ಬೇಕು. ಪರ್ಮಿಟ್, ಇನ್ಶೂರೆನ್ಸ್, ಗಾರೆಯವರು, ಬಡಗಿಗಳು, ಎಲ್ಲದಕ್ಕೂ ಕ್ಯೂ. ಅಲ್ಲಿಯವರೆಗೆ ಜನ ನಾಲ್ಕು ದಿಕ್ಕಿಗೆ ಚದುರಿ ಹೋಗಿರುತ್ತಾರೆ, ಒಮ್ಮೆ ಬೇರೆ ಕಡೆ ಬೇರು ಬಿಟ್ಟರೆ ವಾಪಸ್ ಬರಲ್ಲ. ಆದ್ದರಿಂದ ಸುಟ್ಟ ಊರಿನಲ್ಲಿ ಮೊದಲು ಆಗಬೇಕಾದ ಕಟ್ಟಡ ಮನೆ ಅಲ್ಲ, ನಾಲ್ಕು ಜನ ಬಂದು ಕೂರುವ ಜಾಗ. ನಮ್ಮ ಕಡೆ ಊರಿಗೊಂದು ಅರಳಿಕಟ್ಟೆ ಇರುತ್ತದಲ್ಲ, ಅಂಥದ್ದು.

ಪ್ಯಾರಡೈಸ್‌ನಲ್ಲಿ ಆ ಕೆಲಸ ಮಾಡಿದ್ದು ಹೈಸ್ಕೂಲಿನ ಫುಟ್‌ಬಾಲ್ ಮೈದಾನ. ಬೆಂಕಿಯಲ್ಲಿ ಅದು ಉಳಿದಿತ್ತು. 2019ರ ಆಗಸ್ಟ್‌ನಲ್ಲಿ, ಊರಿನಲ್ಲಿ ಇನ್ನೂ ಕುಡಿಯುವ ನೀರೇ ಸರಿ ಇಲ್ಲದಿದ್ದಾಗ, ಸ್ಕೂಲಿನ ಹುಡುಗರು ಅಲ್ಲಿ ಪಂದ್ಯ ಆಡಿದರು. ಸಾವಿರಾರು ಜನ ಬೇರೆ ಬೇರೆ ಊರಿನಿಂದ ಗಾಡಿ ಹೊಡೆದುಕೊಂಡು ಬಂದರು. ಹುಡುಗರು 42-0 ಅಂತರದಲ್ಲಿ ಗೆದ್ದರು. ಆ ಸೀಸನ್ ಪೂರ್ತಿ ಗೆಲ್ಲುತ್ತಲೇ ಹೋಗಿ ಫೈನಲ್‌ನಲ್ಲಿ ಮಾತ್ರ ಸೋತರು. ಇದನ್ನು ಯಾವ ಆರ್ಕಿಟೆಕ್ಟೂ ಡಿಸೈನ್ ಮಾಡಿರಲಿಲ್ಲ. ಆದರೂ ಊರನ್ನು ಮತ್ತೆ ಕೂಡಿಸಿದ ಮೊದಲ ಜಾಗ ಅದು.

ನೀವು ಏನು ಮಾಡಬೇಕು ಅಂದರೆ, ಸುಡದೆ ಉಳಿದದ್ದನ್ನು ಮೊದಲು ಹುಡುಕಿ. ಒಂದು ಶೆಡ್ಡು, ಚರ್ಚಿನ ಅಂಗಳ, ಪಾರ್ಕಿಂಗ್ ಜಾಗ, ಏನಾದರೂ ಸರಿ. ಅಲ್ಲಿ ನೆರಳು, ನೀರು, ಟಾಯ್ಲೆಟ್, ಫೋನ್ ಚಾರ್ಜಿಗೆ ಕರೆಂಟ್, ಒಂದು ದೊಡ್ಡ ಕಾಫಿ ಪಾತ್ರೆ ಇಡಿ. ಪರ್ಮಿಟ್ ಆಫೀಸಿನವರನ್ನೂ ಇನ್ಶೂರೆನ್ಸ್ ಸಲಹೆಗಾರರನ್ನೂ ಅಲ್ಲಿಗೇ ಕರೆತಂದು ಕೂರಿಸಿ. ಜನ ಫಾರಂ ತುಂಬೋಕೆ ಬರುತ್ತಾರೆ, ಪಕ್ಕದ ಬೀದಿಯವರು ಸಿಗುತ್ತಾರೆ, ಎರಡು ತಾಸು ಮಾತಾಡಿಕೊಂಡು ಕೂರುತ್ತಾರೆ. ಫಾರಂ ಒಂದು ನೆಪ. ಮಾತಾಡೋಕೆ ಅಂತಲೇ ಕರೆದರೆ ಅರ್ಧ ಜನ ಬರಲ್ಲ, ಅದರಲ್ಲೂ ಗಂಡಸರು.

ಟೇಬಲ್‌ಗಳನ್ನು ಬೀದಿ ಪ್ರಕಾರ ಹಾಕಿ. ಕ್ಯಾಲಿಫೋರ್ನಿಯಾದ ಇನ್ನೊಂದು ಊರು ಸ್ಯಾಂಟಾ ರೋಸಾದ ಕಾಫಿ ಪಾರ್ಕ್ ಬಡಾವಣೆಯಲ್ಲಿ 2017ರ ಟಬ್ಸ್ ಬೆಂಕಿಯ ನಂತರ ಬೀದಿಗೊಬ್ಬ ಮುಖ್ಯಸ್ಥರನ್ನು ಆರಿಸಿಕೊಂಡಿದ್ದರು. ಯಾರು ಯಾವ ಊರಿನಲ್ಲಿದ್ದಾರೆ, ಯಾರ ಪರ್ಮಿಟ್ ಎಲ್ಲಿ ಸಿಕ್ಕಿಕೊಂಡಿದೆ ಅಂತ ಆ ಮುಖ್ಯಸ್ಥರಿಗೆ ಗೊತ್ತಿರುತ್ತಿತ್ತು. ಒಂದೇ ಕಂಟ್ರಾಕ್ಟರ್ ಹತ್ತಿರ ಹತ್ತು ಮನೆಯವರು ಒಟ್ಟಿಗೆ ಹೋದರೆ ರೇಟೂ ಇಳಿಯುತ್ತದೆ. ಆಸ್ಟ್ರೇಲಿಯಾದಲ್ಲಿ 2009ರ ಫೆಬ್ರುವರಿ 7ರ ಬೆಂಕಿಯಲ್ಲಿ 173 ಜನ ಸತ್ತ ಮೇಲೆ ಮೆಲ್ಬರ್ನ್ ವಿಶ್ವವಿದ್ಯಾಲಯದವರು ಅಲ್ಲಿನ ಊರುಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದರು. ಊರಿನ ಯಾವುದಾದರೂ ಗುಂಪಿನಲ್ಲಿ ಇದ್ದವರ ಮನಸ್ಸು ಒಂಟಿಯಾಗಿ ಉಳಿದವರಿಗಿಂತ ಚೆನ್ನಾಗಿತ್ತು ಅಂತ ಅವರಿಗೆ ಕಂಡುಬಂತು. ಹಾಡಿನ ಗುಂಪಾಗಲಿ, ಕ್ರಿಕೆಟ್ ತಂಡವಾಗಲಿ. ಗುಂಪು ಇರಬೇಕು ಅಂದರೆ ಅದಕ್ಕೊಂದು ಸೂರು ಬೇಕು, ನಮ್ಮ ಕೆಲಸ ಅಲ್ಲಿಂದ ಶುರು.

ಇದಕ್ಕೆ ಇನ್ನೊಂದು ಕಾರಣವೂ ಇದೆ, ಅದು ಜೀವದ ಪ್ರಶ್ನೆ. ಪ್ಯಾರಡೈಸ್ ಇರುವುದು ಎರಡು ಕಣಿವೆಗಳ ನಡುವಿನ ಏಣಿನ ಮೇಲೆ. ಕೆಳಗಿಳಿಯೋಕೆ ಇದ್ದದ್ದು ಕೆಲವೇ ರಸ್ತೆ. ಆವತ್ತು ಅವೆಲ್ಲ ತುಂಬಿಹೋಗಿ, ಗಾಡಿಗಳು ನಿಂತಲ್ಲೇ ನಿಂತವು. ಆಗ ಸಾವಿರಕ್ಕೂ ಹೆಚ್ಚು ಜನ ಬದುಕಿಕೊಂಡದ್ದು ಅಂಗಡಿ ಮುಂದಿನ ಡಾಂಬರು ಅಂಗಳ, ಬಯಲು, ರಸ್ತೆ ಕೂಡುವ ಜಾಗ ಇಂಥಲ್ಲೆಲ್ಲ ಗುಂಪಾಗಿ ನಿಂತು. ಸುಡುವಂಥದ್ದು ಏನೂ ಇಲ್ಲದ ಖಾಲಿ ಜಾಗ ಅಷ್ಟೇ. ಹಾಗಾಗಿ ಊರ ನಡುವಿನ ಕಟ್ಟೆಯನ್ನು, ಸಂತೆ ಮೈದಾನವನ್ನು ಇದಕ್ಕೂ ಆಗುವ ಹಾಗೆ ಮಾಡಿ. ಅಗಲವಾದ ಕಲ್ಲು ಹಾಸು ಅಥವಾ ನೀರು ಹಾಯಿಸಿದ ಹುಲ್ಲು, ಕಾಂಕ್ರೀಟ್ ಬೆಂಚು, ಉಕ್ಕಿನ ಚಪ್ಪರ, ಸುತ್ತ ಮರದ ಕಟ್ಟಡ ಬೇಡ, ಎರಡು ಮೂರು ಕಡೆಯಿಂದ ಗಾಡಿ ಬರೋಕೆ ದಾರಿ. ದಿನಾ ಸಂಜೆ ಅಲ್ಲಿ ಕೂತು ಅಭ್ಯಾಸ ಇದ್ದವರಿಗೆ ಗಾಬರಿಯಲ್ಲೂ ಕಾಲು ಅಲ್ಲಿಗೇ ಎಳೆಯುತ್ತದೆ. ಬೋರ್ಡ್ ಹಾಕಿ ಬೀಗ ಹಾಕಿಟ್ಟ ಆಶ್ರಯ ತಾಣ ಯಾರಿಗೂ ನೆನಪಾಗಲ್ಲ.

ನೆಲದೊಳಗಿನದು

ಇದು ಬೇಸರದ ಭಾಗ, ಬೇಗ ಹೇಳಿ ಮುಗಿಸುತ್ತೇನೆ. ನೀರಿನ ಪೈಪು ನೋಡಿ. ಪ್ಯಾರಡೈಸ್‌ನಲ್ಲೂ ಸ್ಯಾಂಟಾ ರೋಸಾದಲ್ಲೂ ಬೆಂಕಿಯ ನಂತರ ನಲ್ಲಿ ನೀರಿನಲ್ಲಿ ಬೆಂಜೀನ್ ಅನ್ನುವ ಕ್ಯಾನ್ಸರ್ ತರುವ ರಾಸಾಯನಿಕ ಸಿಕ್ಕಿತು. ಒತ್ತಡ ಇಳಿದಾಗ ಪೈಪುಗಳು ಹೊಗೆ ಎಳೆದುಕೊಳ್ಳುತ್ತವೆ, ಪ್ಲಾಸ್ಟಿಕ್ ಕಾದು ಬಿಡುವುದೂ ಸೇರುತ್ತದೆ. ಕುದಿಸಿದರೆ ಸರಿಹೋಗುವಂಥದ್ದಲ್ಲ ಅದು. ಮನೆಗೆ ಬರುವ ಕೊನೆಯ ಪೈಪಿನವರೆಗೆ ಪರೀಕ್ಷೆ ಆಗದೆ ಯಾರನ್ನೂ ವಾಸಕ್ಕೆ ಕರೆತರಬೇಡಿ. ಸೆಪ್ಟಿಕ್ ಟ್ಯಾಂಕ್ ಇದ್ದರೆ ಅದರ ಮೇಲೆ ಲಾರಿ ಹತ್ತಿದೆಯಾ ಅಂತ ನೋಡಿ. ಕರೆಂಟ್ ತಂತಿಯನ್ನು ನೆಲದೊಳಗೆ ಹಾಕಿಸಿ. ಪ್ಯಾರಡೈಸ್ ಬೆಂಕಿ ಹೊತ್ತಿದ್ದೇ ಸವೆದುಹೋದ ಹಳೆ ಕೊಕ್ಕೆಯೊಂದು ಮುರಿದು ವಿದ್ಯುತ್ ತಂತಿ ಕಳಚಿ. ಅದರ ಕಂಪನಿ, ಪಿಜಿ ಅಂಡ್ ಇ, 2020ರಲ್ಲಿ ಕೋರ್ಟಿನಲ್ಲಿ ಆ 85 ಸಾವುಗಳಲ್ಲಿ 84ರ ತಪ್ಪು ಒಪ್ಪಿಕೊಂಡಿತು. ಇನ್ನು ರಸ್ತೆ. ಮುಂದೆ ದಾರಿಯೇ ಇಲ್ಲದ ಉದ್ದನೆಯ ಓಣಿಗಳನ್ನು ಒಂದಕ್ಕೊಂದು ಜೋಡಿಸಿ, ಚಿಕ್ಕ ತುಂಡು ಜೋಡಿಸಿದರೂ ಲಾಭ. ಸೈರನ್ ಇರಲಿ. ಫೋನ್ ಟವರ್ ಸುಟ್ಟರೆ ಮೆಸೇಜ್ ಬರಲ್ಲ ಅಂತ ಅಲ್ಲಿನವರು ಈಗ ಊರ ತುಂಬ ಸೈರನ್ ಕಂಬ ನಿಲ್ಲಿಸಿದ್ದಾರೆ.

ಮನೆಗೆ ಬೆಂಕಿ ಹತ್ತುವುದು ಹೇಗೆ

ಪ್ಯಾರಡೈಸ್‌ಗೆ ಮೊದಲ ಸಲ ಹೋದಾಗ ನನಗೆ ತಲೆ ತಿರುಗಿದ್ದು ಒಂದು ನೋಟಕ್ಕೆ. ಮನೆ ಪೂರ್ತಿ ಬೂದಿ, ಕಾರಿನ ಚಕ್ರದ ಅಲ್ಯೂಮಿನಿಯಂ ಕರಗಿ ರಸ್ತೆ ಮೇಲೆ ಬೆಳ್ಳಿ ಕಾಲುವೆ ಹಾಗೆ ಹರಿದು ಗಟ್ಟಿಯಾಗಿದೆ, ಪಕ್ಕದಲ್ಲೇ ಪೈನ್ ಮರ ಹಸಿರಾಗಿ ನಿಂತಿದೆ. ಕಾಡಿನ ಬೆಂಕಿ ಅಲೆಯ ಹಾಗೆ ಬಂದು ಮನೆ ನುಂಗಿತು ಅಂದುಕೊಂಡಿದ್ದೆ. ಹಾಗಿದ್ದರೆ ಮರ ಹೇಗೆ ಉಳಿಯಿತು?

ಉತ್ತರ ಕಿಡಿ. ಗಾಳಿಗೆ ಕಿಡಿಗಳು ಮೈಲಿಗಟ್ಟಲೆ ಮುಂದೆ ಹಾರಿ ಬರುತ್ತವೆ. ಒಂದು ಕಿಡಿ ಸೂರಿನ ದಂಬೆಯಲ್ಲಿ ತುಂಬಿರುವ ಒಣ ಎಲೆಗೆ ಬೀಳುತ್ತದೆ, ಇನ್ನೊಂದು ಬಾಗಿಲ ಮುಂದಿನ ನಾರಿನ ಕಾಲೊರಸಿಗೆ, ಮತ್ತೊಂದು ಗಾಳಿಕಿಂಡಿಯಿಂದ ನುಗ್ಗಿ ಅಟ್ಟಕ್ಕೆ. ಮನೆ ಒಳಗಿನಿಂದ ಹೊತ್ತುತ್ತದೆ. ಆಮೇಲೆ ಆ ಮನೆಯೇ ಪಕ್ಕದ ಮನೆಗೆ ಕೊಳ್ಳಿ. ಪ್ಯಾರಡೈಸ್‌ನ ಮನೆಗಳನ್ನು ಲೆಕ್ಕ ಹಾಕಿ ನೋಡಿದವರ ಪ್ರಕಾರ 1997ಕ್ಕಿಂತ ಮುಂಚೆ ಕಟ್ಟಿದವುಗಳಲ್ಲಿ ನೂರಕ್ಕೆ ಹನ್ನೊಂದು ಹನ್ನೆರಡು ಉಳಿದವು, ಆಮೇಲೆ ಕಟ್ಟಿದವುಗಳಲ್ಲಿ ನಲವತ್ತರ ಆಸುಪಾಸು. ಒಂದು ಮನೆ ಉಳಿಯುತ್ತದಾ ಇಲ್ವಾ ಅನ್ನುವುದಕ್ಕೆ ಪಕ್ಕದ ಸುಟ್ಟ ಮನೆ ಎಷ್ಟು ದೂರ ಇತ್ತು ಅನ್ನುವುದು ದೊಡ್ಡ ಕಾರಣ. 18 ಮೀಟರ್ ಒಳಗಿದ್ದರೆ ಅಪಾಯ ಜಾಸ್ತಿ. ಅಂದರೆ ನಿಮ್ಮ ಮನೆಯ ಭದ್ರತೆ ನಿಮ್ಮ ಪಕ್ಕದವರ ಕೈಯಲ್ಲಿದೆ. ಕಟ್ಟೆ ಮೇಲೆ ಕೂತು ಮಾತಾಡಿ ಅಂತ ಅಷ್ಟು ಹೊತ್ತು ಕೊರೆದದ್ದು ಇದಕ್ಕೇ.

ಈಗ ಕೈಕೆಲಸ. ಗೋಡೆಯಿಂದ 5 ಅಡಿವರೆಗೆ ಸುಡುವಂಥದ್ದು ಏನೂ ಬೇಡ. ಬಣವೆಯ ಸುತ್ತ ಹುಲ್ಲು ಸವರಿ ಬೋಳು ಮಾಡುತ್ತಾರಲ್ಲ, ಅದೇ ಲೆಕ್ಕ. ಗಿಡ ಬೇಡ, ಮರದ ಚಕ್ಕೆ ಹಾಸು ಬೇಡ, ಸೌದೆ ಪೇರಿಸಬೇಡಿ. ಜಲ್ಲಿ, ಕಲ್ಲು, ಕಾಂಕ್ರೀಟ್ ಹಾಕಿ. ಪ್ಯಾರಡೈಸ್‌ನಲ್ಲಿ ಇದು ಈಗ ಊರಿನ ಕಾನೂನು. ಮರದ ಬೇಲಿ ಮನೆಗೆ ತಾಗುವ ಹಾಗಿದ್ದರೆ ಕೊನೆಯ 5 ಅಡಿ ಕಬ್ಬಿಣದ್ದು ಮಾಡಿ, ಇಲ್ಲದಿದ್ದರೆ ಆ ಬೇಲಿ ಪಟಾಕಿಯ ಬತ್ತಿ ಇದ್ದ ಹಾಗೆ.

ಗಾಳಿಕಿಂಡಿಗೆ ಇಂಚಿನ ಎಂಟನೇ ಒಂದು ಭಾಗಕ್ಕಿಂತ ದೊಡ್ಡ ಕಣ್ಣಿನ ಜಾಲರಿ ಬೇಡ, ಅದೂ ಲೋಹದ್ದೇ ಆಗಬೇಕು. ಪ್ಲಾಸ್ಟಿಕ್ ಸೊಳ್ಳೆ ಪರದೆ ಕರಗಿಹೋಗುತ್ತದೆ. ಅಂಗಡಿಯಲ್ಲಿ ಜಾಲರಿ ಕೊಳ್ಳುವಾಗ ನಾನು ಜೇಬಿನಿಂದ ಒಂದು ಪೆನ್ಸಿಲ್ ತೆಗೆದು ಚೂಪು ಮಾಡಿದ ತುದಿ ತೂರಿಸಿ ನೋಡುತ್ತೇನೆ. ಸೀಸದ ತುದಿ ಮಾತ್ರ ಹೋಗಿ ಮರದ ಭಾಗ ಅಲ್ಲೇ ತಡೆದರೆ ಸರಿ. ಬೆಂಕಿ ತಡೆಯುವ ಗಾಳಿಕಿಂಡಿಗಳೇ ಈಗ ರೆಡಿಮೇಡ್ ಸಿಗುತ್ತವೆ, ದುಡ್ಡಿದ್ದರೆ ಅವನ್ನೇ ಹಾಕಿ.

ಚಾವಣಿ ಲೋಹದ್ದೋ, ಹೆಂಚಿನದ್ದೋ, ಒಟ್ಟಿನಲ್ಲಿ ಬೆಂಕಿ ತಡೆಯುವುದರಲ್ಲಿ ಎ ದರ್ಜೆಯದ್ದು, ಅಂದರೆ ಎಲ್ಲಕ್ಕಿಂತ ಮೇಲಿನದ್ದು ಇರಲಿ. ನಮ್ಮ ನಾಡಹೆಂಚಿನ ಥರದ ಅರ್ಧಗೋಲದ ಹೆಂಚು ಕ್ಯಾಲಿಫೋರ್ನಿಯಾದಲ್ಲಿ ಬಹಳ. ನೋಡೋಕೆ ಚೆಂದ, ಆದರೆ ಸೂರಿನ ತುದಿಯಲ್ಲಿ ತೂತು ಬಿಟ್ಟರೆ ಗುಬ್ಬಿ ಗೂಡು ಕಟ್ಟುತ್ತದೆ, ಒಣ ಹುಲ್ಲಿನ ಆ ಗೂಡಿಗೆ ಒಂದು ಕಿಡಿ ಸಾಕು. ತೂತನ್ನು ಗಾರೆಯಲ್ಲಿ ಮುಚ್ಚಿಸಿ. ಸೂರಿನ ಅಡಿಯನ್ನೂ ತೆರೆದಿಡದೆ ಮುಚ್ಚಿ. ಕಿಟಕಿಗೆ ಎರಡು ಪದರದ ಗಾಜು, ಒಂದಾದರೂ ಟೆಂಪರ್ಡ್, ಅಂದರೆ ಕಾಯಿಸಿ ಗಟ್ಟಿ ಮಾಡಿದ್ದು ಆಗಿರಲಿ. ಗೋಡೆಗೆ ಬೆಂಕಿ ತಾಗುವ ಮುಂಚೆ ಬರೀ ಶಾಖಕ್ಕೇ ಗಾಜು ಒಡೆದುಹೋಗುತ್ತದೆ, ಆಮೇಲೆ ಗೋಡೆ ಎಂಥದ್ದಾದರೇನು.

ಆಕಾರದ ಬಗ್ಗೆ ಒಂದು ಮಾತು, ನಮ್ಮ ಆರ್ಕಿಟೆಕ್ಟ್ ಬಳಗಕ್ಕೆ ಸಿಟ್ಟು ಬಂದರೂ ಪರವಾಗಿಲ್ಲ. ಸರಳ ಪೆಟ್ಟಿಗೆ, ಸರಳ ಮಾಡು ಸಾಕು. ಮಾಡಿನಲ್ಲಿ ಮಡಿಕೆ, ಮೂಲೆ, ಕೊರಕಲು ಜಾಸ್ತಿಯಾದಷ್ಟೂ ಎಲೆ ಸೇರುತ್ತದೆ, ಕಿಡಿ ಸೇರುತ್ತದೆ, ಖರ್ಚೂ ಸೇರುತ್ತದೆ. ಪ್ಯಾರಡೈಸ್‌ನಲ್ಲಿ ಕೆಲವರು ಕಮಾನಿನ ಆಕಾರದ ಉಕ್ಕಿನ ಮನೆಗಳನ್ನೇ ಕಟ್ಟಿಸಿಕೊಂಡರು. ನನಗೆ ಅವು ಗೋದಾಮಿನ ಥರ ಕಾಣುತ್ತವೆ. ಒಳಗೆ ಇರುವವರು ನಿದ್ದೆ ಚೆನ್ನಾಗಿ ಬರುತ್ತದೆ ಅನ್ನುತ್ತಾರೆ, ಅದರ ಮುಂದೆ ನನ್ನ ಅಭಿಪ್ರಾಯಕ್ಕೆ ಏನು ಬೆಲೆ?

ವಯಸ್ಸಾದವರನ್ನು ಮರೆಯಬೇಡಿ. ಪ್ಯಾರಡೈಸ್‌ನಲ್ಲಿ ಸತ್ತವರಲ್ಲಿ ಹೆಚ್ಚಿನವರು ಮುದುಕರು. ಮಲಗುವ ಕೋಣೆ ಕೆಳಗಿರಲಿ, ಮೆಟ್ಟಿಲಿಲ್ಲದೆ ಹೊರಗೆ ಬರುವ ಹಾಗಿರಲಿ. ಗ್ಯಾರೇಜ್ ಬಾಗಿಲು ಕರೆಂಟ್ ಹೋದರೂ ತೆರೆಯಬೇಕು. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈಯಿಂದ ಹೊಸ ಆಟೋಮ್ಯಾಟಿಕ್ ಬಾಗಿಲಿಗೆ ಬ್ಯಾಟರಿ ಕಡ್ಡಾಯ. ಅದಕ್ಕೆ ಹಿಂದಿನ ಬೆಂಕಿಗಳಲ್ಲಿ ಬಾಗಿಲು ಎತ್ತಲಾಗದೆ ಒಳಗೇ ಸಿಕ್ಕಿಕೊಂಡು ಸತ್ತವರಿದ್ದರು.

ದುಡ್ಡು ಸಾಲದಿದ್ದರೆ

ಸಾಲುವುದೇ ಇಲ್ಲ. ಇನ್ಶೂರೆನ್ಸ್ ಹಣ ಹಳೆ ಲೆಕ್ಕದ್ದು, ಮರ ಸಿಮೆಂಟಿನ ರೇಟು ಇವತ್ತಿನದು. ಆರ್ಕಿಟೆಕ್ಟ್‌ಗಳು ಇಲ್ಲಿ ಮಾಡಬಹುದಾದ ದೊಡ್ಡ ಉಪಕಾರ ಅಂದರೆ ಮೊದಲೇ ಮಂಜೂರಾದ ನಕ್ಷೆಗಳ ಪಟ್ಟಿ. ಆಲ್ಟಡೀನಾದಲ್ಲಿ ಫುಟ್‌ಹಿಲ್ ಕ್ಯಾಟಲಾಗ್ ಫೌಂಡೇಶನ್ ಅಂತ ಮಾಡಿಕೊಂಡು ಇದೇ ಕೆಲಸ ಶುರು ಮಾಡಿದರು. ಅಲ್ಲಿನ ಹಳೆ ಬಂಗಲೆಗಳ ಅಂದವನ್ನೇ ಇಟ್ಟುಕೊಂಡು, ಬೆಂಕಿಗೆ ತಡೆಯುವ ಹಾಗೆ ನಕ್ಷೆ ಮಾಡಿ, ಕೌಂಟಿಯಿಂದ, ಅಂದರೆ ಅಲ್ಲಿನ ಜಿಲ್ಲಾಡಳಿತದಿಂದ, ಒಪ್ಪಿಗೆ ಪಡೆದು ಇಟ್ಟರೆ ಜನ ಆರಿಸಿಕೊಳ್ಳಬಹುದು. ತಿಂಗಳುಗಳೂ ಉಳಿಯುತ್ತವೆ, ಫೀಸೂ ಉಳಿಯುತ್ತದೆ. ಆದರೆ ಮುಂದಿನ ಜಗಲಿ, ಕಿಟಕಿ, ಬಣ್ಣ ಇವನ್ನು ಬದಲಾಯಿಸೋಕೆ ಬಿಡಿ. ಇಲ್ಲದಿದ್ದರೆ ಕ್ವಾರ್ಟರ್ಸ್ ಸಾಲಿನ ಹಾಗಾಗುತ್ತದೆ.

ಆಲ್ಟಡೀನಾದ ಪಶ್ಚಿಮ ಭಾಗದಲ್ಲಿ ಕಪ್ಪು ಜನರ ಕುಟುಂಬಗಳು ತಲೆಮಾರುಗಳಿಂದ ಇದ್ದವು. ಬೇರೆ ಕಡೆ ಮನೆ ಕೊಳ್ಳೋಕೆ ಬಿಡದಿದ್ದ ಕಾಲದಲ್ಲಿ ಇಲ್ಲಿ ಕೊಂಡು, ಮಕ್ಕಳು ಮೊಮ್ಮಕ್ಕಳಿಗೆ ದಾಟಿಸಿಕೊಂಡು ಬಂದ ಮನೆಗಳು. ಈಟನ್ ಬೆಂಕಿಯಲ್ಲಿ ಸತ್ತವರಲ್ಲಿ ಬಹುತೇಕರು ಆ ಕಡೆಯವರೇ. ಇಂಥ ಕಡೆ ಬೂದಿ ಆರುವ ಮುಂಚೆಯೇ ಸೈಟು ಕೊಳ್ಳುವವರ ಫೋನ್ ಬರುತ್ತದೆ. ಕೊಡುವುದು ಬಿಡುವುದು ಅವರಿಷ್ಟ, ಆದರೆ ಮನೆ ಕಟ್ಟೋಕೆ ನಿಜಕ್ಕೂ ಎಷ್ಟಾಗುತ್ತದೆ ಅಂತ ಒಂದು ಪ್ರಾಮಾಣಿಕ ಲೆಕ್ಕ ಅವರ ಕೈಯಲ್ಲಿ ಇರಲಿ. ಅದನ್ನು ಪುಕ್ಕಟೆ ಮಾಡಿಕೊಡಿ. ಬಾಡಿಗೆಗಿದ್ದವರ ಬಗ್ಗೆಯೂ ಕೇಳಿ, ಅವರ ಹೆಸರು ಯಾವ ಪಟ್ಟಿಯಲ್ಲೂ ಇರಲ್ಲ.

ನೆನಪಿಗೆ ಜಾಗ

ಸ್ಮಾರಕಕ್ಕೆ ಆತುರ ಬೇಡ. ಆಸ್ಟ್ರೇಲಿಯಾದ ಸ್ಟ್ರಾಥ್ಯುಯೆನ್ ಎಂಬ ಪುಟ್ಟ ಹಳ್ಳಿಯಲ್ಲಿ 2009ರ ಬೆಂಕಿಗೆ 27 ಜನ ಹೋದರು. ಆ ಬೆಂಕಿಯ ನೆನಪಿಗೆ ಕಮ್ಮಾರರು ಒಂದು ಲೋಹದ ನೀಲಗಿರಿ ಮರ ಮಾಡಿದರು. ಬೇರೆ ಬೇರೆ ದೇಶದ ಕಮ್ಮಾರರು ತಮ್ಮ ಕುಲುಮೆಯಲ್ಲಿ ಒಂದೊಂದು ಎಲೆ ಬಡಿದು ಕಳಿಸಿದರು, ಸಾವಿರಾರು ಎಲೆ. ಮರ ನಿಂತದ್ದು 2014ರಲ್ಲಿ, ಐದು ವರ್ಷ ಆದಮೇಲೆ. ಅದು ನಿಧಾನ ಅಂತ ನನಗೆ ಅನ್ನಿಸಲ್ಲ, ಯಾಕಂದರೆ ಎಲೆ ಬಡಿಯುವುದೇ ದುಃಖ ಕಳೆಯುವ ಕೆಲಸವಾಗಿತ್ತು.

ಕೆಲವೊಮ್ಮೆ ಏನೂ ಕಟ್ಟಬೇಕಾಗಿಲ್ಲ. ಆಲ್ಟಡೀನಾದಲ್ಲಿ 1880ರ ದಶಕದಲ್ಲಿ ನೆಟ್ಟ ದೇವದಾರು ಮರಗಳ ಒಂದು ಬೀದಿ ಇದೆ. ನಮ್ಮ ಹಿಮಾಲಯದ ಅದೇ ದೇವದಾರು. ಕ್ರಿಸ್ಮಸ್‌ಗೆ ಅದಕ್ಕೆಲ್ಲ ದೀಪ ಹಾಕುವುದು ನೂರು ವರ್ಷದ ರೂಢಿ. ಬೆಂಕಿಯಲ್ಲಿ ಆ ಮರಗಳು ಬಹುಪಾಲು ಉಳಿದವು. ಅಂಥದ್ದು ನಿಮ್ಮ ಊರಿನಲ್ಲಿದ್ದರೆ ಮರದ ಬುಡದಲ್ಲಿ ಲಾರಿ ನಿಲ್ಲಿಸಬೇಡಿ, ಬೇರಿನ ಮೇಲೆ ಮಣ್ಣು ಸುರಿಯಬೇಡಿ, ಪಕ್ಕದಲ್ಲಿ ಎರಡು ಬೆಂಚು ಹಾಕಿ. ಅಷ್ಟೇ ವಿನ್ಯಾಸ.

ಟೀಚರಮ್ಮನ ಮನೆಗೆ ಕೊನೆಗೂ ನಕ್ಷೆ ಆಯಿತು. ಒಂದೂವರೆ ವರ್ಷ ಆದಮೇಲೆ, ಅವರದೇ ಕೈಯಿಂದ ಬರೆಸಿದ ಹಾಳೆ ಇಟ್ಟುಕೊಂಡು. ಸಿಂಕ್ ಮುಂದಿನ ಕಿಟಕಿಗೆ ನಾನು ಸ್ವಲ್ಪ ಜಗಳ ಆಡಿದ್ದೆ, ಆ ಕಡೆ ಪಕ್ಕದ ಸೈಟು ಹತ್ತಿರ ಇತ್ತು. ಕೊನೆಗೆ ಚಿಕ್ಕದಾಗಿ, ಟೆಂಪರ್ಡ್ ಗಾಜಿನದ್ದು ಅಂತ ಒಪ್ಪಂದ ಆಯಿತು. ಮನೆಗೆ ಬರೀ ಚೌಕಟ್ಟು ನಿಂತಿದ್ದ ದಿನ ಅವರು ನೋಡೋಕೆ ಬಂದರು. ಗೋಡೆ ಇಲ್ಲ, ಸಿಂಕ್ ಇಲ್ಲ, ನೆಲದ ಮೇಲೆ ಸೀಮೆಸುಣ್ಣದ ಗೆರೆ ಮಾತ್ರ. ಅವರು ಆ ಗೆರೆಯ ಮುಂದೆ ನಿಂತು, ಇಲ್ಲದ ನಲ್ಲಿ ತಿರುಗಿಸಿದ ಹಾಗೆ ಕೈ ಮಾಡಿ, ತಲೆ ಎತ್ತಿ ಪೂರ್ವಕ್ಕೆ ನೋಡಿದರು. ಮೊದಲಿದ್ದ ಪೈನ್ ಮರ ಅಲ್ಲಿ ಈಗ ಇಲ್ಲ. ತುಂಬ ಹೊತ್ತು ನಿಂತಿದ್ದರು.

"ಆರು ಇಂಚು ಎಡಕ್ಕೆ," ಅಂದರು.

ಬಡಗಿ ನನ್ನ ಮುಖ ನೋಡಿದ. ನಾನು ಟೇಪ್ ಎಳೆದೆ.